12 ನಂಬರ್ ಜೆರ್ಸಿ ಬಗ್ಗೆ
ಅಮೆರಿಕನ್ ಫುಟ್‌ಬಾಲ್‌ನ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದವರು ತಮ್ಮ ಹಳೆಯ ಆಟಗಾರ ಟೆರ್ರಿ ಬ್ರಾಡ್‌ಶಾ ಅವರ 12 ನಂಬರನ್ನು ನಿವೃತ್ತಿ ಮಾಡಿದ್ದಾರಾ, ಅಂದರೆ ಗೌರವಕ್ಕಾಗಿ ಇನ್ಯಾರಿಗೂ ಕೊಡಬಾರದು ಅಂತ ನಿಲ್ಲಿಸಿದ್ದಾರಾ ಅಂತ ಕೇಳಿದ್ದೀರಿ. ಅಧಿಕೃತವಾಗಿ ಇಲ್ಲ, ಆದರೆ ಅವರಾದ ಮೇಲೆ ಅದನ್ನು ಯಾರಿಗೂ ಕೊಟ್ಟಿಲ್ಲ, ಸುಮ್ನೆ ಎತ್ತಿಟ್ಟಿದ್ದಾರೆ ಅಷ್ಟೇ. ನಿಜವಾಗಿ ನಿವೃತ್ತಿಯಾಗಿರುವುದು ಮೂರೇ ನಂಬರ್: 1964ರಲ್ಲಿ ಸ್ಟಾಟ್ನರ್ ಅವರ 70, ಬರೋಬ್ಬರಿ 50 ವರ್ಷ ಬಿಟ್ಟು 2014ರಲ್ಲಿ ಜೋ ಗ್ರೀನ್ ಅವರ 75, ಆಮೇಲೆ ಫ್ರಾಂಕೋ ಹ್ಯಾರಿಸ್ ಅವರ 32. ಹ್ಯಾರಿಸ್ ಕಥೆ ನೆನೆದರೆ ಈಗಲೂ ಸಂಕಟವಾಗುತ್ತದೆ. 1972ರ ಡಿಸೆಂಬರ್‌ನಲ್ಲಿ ರೇಡರ್ಸ್ ತಂಡದ ವಿರುದ್ಧ, ಎಲ್ಲೋ ಬಡಿದು ಹಾರಿ ಬಂದ ಚೆಂಡನ್ನು ಇನ್ನೇನು ನೆಲ ಮುಟ್ಟಬೇಕು ಅನ್ನುವಾಗ ಬಾಚಿಕೊಂಡು ಓಡಿ ಟಚ್‌ಡೌನ್ ಮಾಡಿದರಲ್ಲ, ಅದರ 50ನೇ ವರ್ಷಕ್ಕೆ ಅಂತಲೇ ಅವರ ನಂಬರ್ ನಿವೃತ್ತಿ ಮಾಡುವ ಸಮಾರಂಭ ಇಟ್ಟಿದ್ದರು, ಆ ದಿನದ ಪಂದ್ಯದ ಎದುರಾಳಿಯೂ ರೇಡರ್ಸೇ. ಅದಕ್ಕೆ ಕೆಲವೇ ದಿನ ಮುಂಚೆ ಹ್ಯಾರಿಸ್ ತೀರಿಕೊಂಡರು. ಉಳಿದ ದಿಗ್ಗಜರಿಗೆ 2017ರಿಂದ ‘ಹಾಲ್ ಆಫ್ ಆನರ್’ ಅನ್ನುವ ತಂಡದ್ದೇ ಗೌರವ ಪಟ್ಟಿ ಇದೆ. ನನಗಂತೂ ಅದೇ ಸರಿ ಅನ್ನಿಸುತ್ತದೆ, ಇಷ್ಟು ಜನರ ನಂಬರ್ ಎತ್ತಿಟ್ಟರೆ ಹೊಸ ಹುಡುಗರಿಗೆ ಏನು ಉಳಿಯುತ್ತೆ, ಅಲ್ವಾ?