ಪಿಟೀಲು ಕಲಿತವರು ಐರಿಶ್ ಸೆಷನ್‌ಗೆ ಹೋಗೋದು ಹೇಗೆ: ಒಂದು ಜಿಗ್‌ನಿಂದ ಶುರು ಮಾಡಿ

"ಕೆಲಸಕ್ಕೆಂದು ಹೊಸದಾಗಿ ಡಬ್ಲಿನ್‌ಗೆ ಬಂದಿದ್ದೀನಿ. ಮೈಸೂರಿನಲ್ಲಿ ಸೀನಿಯರ್ ಪರೀಕ್ಷೆವರೆಗೆ ಪಿಟೀಲು ಕಲಿತಿದ್ದೀನಿ. ಮನೆ ಹತ್ತಿರದ ಪಬ್‌ನಲ್ಲಿ ವಾರಕ್ಕೊಮ್ಮೆ ಹತ್ತು ಜನ ಸುತ್ತ ಕೂತು ಐರಿಶ್ ಕುಣಿತದ ಮಟ್ಟುಗಳನ್ನ ನುಡಿಸ್ತಾರೆ. ನಾನೂ ಹೋಗಬಹುದಾ? ಏನು ಕಲೀಬೇಕು? ಕುಡಿಯದವರು ಅಲ್ಲಿ ಕೂರಬಹುದಾ? ಒಂಬತ್ತು ವರ್ಷದ ಮಗಳನ್ನ ಕರ್ಕೊಂಡು ಹೋಗಬಹುದಾ?" ನೀವು ಕೇಳಿರೋದು ಇಷ್ಟು.

ಖಂಡಿತ ಹೋಗಿ. ಹೀಗೆ ಸುತ್ತ ಕೂತು ಒಟ್ಟಿಗೆ ನುಡಿಸೋದಕ್ಕೇ ಸೆಷನ್ ಅನ್ನೋದು. ಈ ದೇಶದಲ್ಲಿ ಹೊಸಬರಿಗೆ ಇಷ್ಟು ಬೇಗ ಬಾಗಿಲು ತೆರೆಯೋ ಜಾಗ ಇನ್ನೊಂದಿಲ್ಲ. ಕರ್ನಾಟಕ ಸಂಗೀತ ಕಲಿತವರಿಗೆ ಅರ್ಧ ಕೆಲಸ ಮೊದಲೇ ಆಗಿರುತ್ತೆ. ಸೆಷನ್‌ನಲ್ಲಿ ಯಾರೂ ಕಾಗದ ಮುಂದಿಟ್ಕೊಂಡು ನುಡಿಸಲ್ಲ, ಎಲ್ಲ ಬಾಯಿಪಾಠ. ಕೇಳಿ ಹಿಡಿಯೋ ಕಿವಿ, ನೆನಪಿಟ್ಟುಕೊಳ್ಳೋ ಅಭ್ಯಾಸ ನಿಮಗಿದೆ. ಕಷ್ಟ ಇರೋದು ಬಲಗೈಯಲ್ಲಿ. ಎಡಗೈಗೆ ಗಮಕ ಬಿಡೋದು ಹೇಳಿಕೊಡಬೇಕು, ಬಲಗೈಗೆ ಜಿಗ್‌ನ, ಅಂದರೆ ಮೂರು ಮೂರು ಮಾತ್ರೆಯ ಕುಣಿತದ ಮಟ್ಟಿನ, ನಡೆ ಹತ್ತಿಸಬೇಕು. ಉಳಿದದ್ದು ತಾನಾಗಿ ಬರುತ್ತೆ.

ಮೊದಲು ವಾದ್ಯ. ನಮ್ಮಲ್ಲಿ ಸ-ಪ-ಸ-ಪ ಶ್ರುತಿ, ಇಲ್ಲಿ ಜಿ-ಡಿ-ಎ-ಇ. ಅಂದರೆ ಯಾವ ಎರಡು ಅಕ್ಕಪಕ್ಕದ ತಂತಿ ತಗೊಂಡರೂ ನಡುವೆ ಸ-ಪ ಅಂತರವೇ. ನಮ್ಮ ಶ್ರುತಿಯಲ್ಲಿ ಎರಡನೇ ಮತ್ತು ಮೂರನೇ ತಂತಿಯ ನಡುವೆ ಪ-ಸ ಅಂತರ ಇರೋದ್ರಿಂದ, ಆ ತಂತಿ ದಾಟುವಾಗಲೇ ನಿಮ್ಮ ಬೆರಳು ತಪ್ಪೋದು. ಊರಿಂದ ತಂದ ತಂತಿಗಳನ್ನೇ ಬಿಗಿ ಮಾಡಕ್ಕೆ ಹೋಗಬೇಡಿ. ಕೆಳಗಿನ ಶ್ರುತಿಗೆ ಅಂತ ಹಾಕಿದ ತಂತಿಯನ್ನ ಮೇಲಿನ ಎ, ಇ ಶ್ರುತಿಗೆ ಎಳೆದರೆ ಕಿತ್ತು ಹೋಗುತ್ತೆ. ಇಲ್ಲಿ ಯಾವ ಸಂಗೀತದ ಅಂಗಡಿಯಲ್ಲೂ ಸಿಗೋ ಸಾಮಾನ್ಯ ಜಿ-ಡಿ-ಎ-ಇ ಸೆಟ್ ಒಂದು ತಗೊಳ್ಳಿ. ಒಂದು ತಂತಿ ಬಿಚ್ಚಿ, ಹೊಸದು ಹಾಕಿ, ಶ್ರುತಿಗೆ ತಂದು, ಆಮೇಲೆ ಮುಂದಿನದು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ತಂತಿಗಳನ್ನ ಹೊತ್ತಿರೋ ಕುದುರೆ (ಬ್ರಿಡ್ಜ್) ಬೀಳುತ್ತೆ, ಒಳಗೆ ನಿಲ್ಲಿಸಿರೋ ಮರದ ಕಡ್ಡಿಯೂ ಬೀಳಬಹುದು. ಅದನ್ನ ಮತ್ತೆ ಕೂರಿಸೋದು ವಾದ್ಯ ರಿಪೇರಿ ಮಾಡುವವರ ಕೆಲಸ, ಮನೆಯಲ್ಲಿ ಆಗಲ್ಲ. ಹೊಸ ತಂತಿ ಮೂರು ನಾಲ್ಕು ದಿನ ಇಳೀತಾನೇ ಇರುತ್ತೆ, ಹಾಗಾಗಿ ಸೆಷನ್ ದಿನ ಬದಲಾಯಿಸಬೇಡಿ. ಎ ತಂತಿಯ ಶ್ರುತಿ 440 ಹರ್ಟ್ಸ್‌ಗೆ ಇರಲಿ.

ಇನ್ನು ಹಿಡಿಯೋ ರೀತಿ. ನೆಲದ ಮೇಲೆ ಕೂತು ಪಿಟೀಲಿನ ತಲೆಯ ಕಡೆಯನ್ನ ಪಾದಕ್ಕೆ ಊರಿ ನುಡಿಸಕ್ಕೆ ಪಬ್ ಬೆಂಚಿನಲ್ಲಿ ಜಾಗ ಇರಲ್ಲ. ಶೋಲ್ಡರ್ ರೆಸ್ಟ್ ಹಾಕಿ, ಗದ್ದದಡಿ ಹಿಡಿಯೋದನ್ನ ಮನೆಯಲ್ಲಿ ದಿನಾ ಹತ್ತು ನಿಮಿಷ ಅಭ್ಯಾಸ ಮಾಡಿ. ನಮ್ಮ ರೀತಿಯಲ್ಲಿ ಎಡಗೈ ಪೂರ್ತಿ ಸ್ವತಂತ್ರ, ಉದ್ದಕ್ಕೂ ಜಾರಬಹುದು. ಇಲ್ಲಿ ಕೈ ಒಂದೇ ಜಾಗದಲ್ಲಿ ನಿಂತಿರುತ್ತೆ, ಹೆಚ್ಚುಕಮ್ಮಿ ಎಲ್ಲ ಮಟ್ಟುಗಳೂ ಮೊದಲ ಸ್ಥಾನದಲ್ಲೇ ಮುಗಿಯುತ್ತವೆ. ಬೆರಳಿಗೆ ಎಣ್ಣೆ ಹಚ್ಚೋ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಮೊದಲ ಮಟ್ಟಾಗಿ ಕೆಶ್ ಜಿಗ್ ಕಲೀರಿ. ಎಲ್ಲ ಸೆಷನ್‌ನಲ್ಲೂ ಗೊತ್ತಿರೋ ಮಟ್ಟು, ಆದ್ದರಿಂದ ನೀವು ತಡವರಿಸಿದರೂ ಉಳಿದವರು ಎತ್ತಿಕೊಂಡು ಹೋಗ್ತಾರೆ. ಜಿ ಮೇಜರ್‌ನಲ್ಲಿದೆ. ಜಿ ಅನ್ನ ಷಡ್ಜ ಮಾಡಿಕೊಂಡರೆ ಶಂಕರಾಭರಣದ ಸ್ವರಗಳು, ಅದರಲ್ಲೂ ಮಧ್ಯಮ ಬರೋದೇ ಇಲ್ಲ. ಮೊದಲ ಭಾಗ ಹೀಗೆ (ಒಂದೊಂದು ಅಕ್ಷರ ಒಂದು ಮಾತ್ರೆ, ; ಅಂದರೆ ಎರಡು ಮಾತ್ರೆ ಕಾರ್ವೆ, ' ಇರೋದು ತಾರಸ್ಥಾಯಿ):

ಸ ರಿ ಸ ಸ ರಿ ಗ | ರಿ ಗ ರಿ ರಿ ಗ ಪ | ದ ಪ ಪ ಸ' ಪ ಪ | ದ ಪ ಗ ಪ ಗ ರಿ |
ಸ ರಿ ಸ ಸ ರಿ ಗ | ರಿ ಗ ರಿ ರಿ ಗ ಪ | ದ ಪ ಪ ಸ' ಪ ಗ | ರಿ ಸ ನಿ ಸ ; ||

ಕೊನೆಯ ನಿಷಾದ ಮಂದ್ರದ್ದು. ಷಡ್ಜ ಡಿ ತಂತಿಯ ಮೂರನೇ ಬೆರಳು, ರಿಷಭ ಬಿಡಿ ಎ ತಂತಿ, ಗಾಂಧಾರ ಅದರ ಮೊದಲ ಬೆರಳು, ಪಂಚಮ ಮೂರನೇ ಬೆರಳು, ಧೈವತ ಬಿಡಿ ಇ ತಂತಿ. ಎರಡನೇ ಭಾಗ ಗಾಂಧಾರದಿಂದ ಎದ್ದು, ಕೊನೆಗೆ ಸ' ನಿ ಸ' ರಿ' ಸ' ರಿ' | ಗ' ಸ' ಸ' ಸ' ; ಅಂತ ತಾರ ಗಾಂಧಾರ ಮುಟ್ಟಿ ನಿಲ್ಲುತ್ತೆ. ಆ ಗಾಂಧಾರಕ್ಕೆ ಕಿರುಬೆರಳು ಬೇಕು. ಅದನ್ನ ಮೊದಲಿಂದಲೇ ಗಟ್ಟಿ ಮಾಡಿಕೊಳ್ಳಿ, ಇಲ್ಲದಿದ್ದರೆ ವೇಗ ಏರಿದಾಗ ಅಲ್ಲೇ ಎಡವೋದು. ಎರಡನೇ ಭಾಗದ ಪೂರ್ತಿ ಸ್ವರ ಬೇಕಂತಲೇ ಬರೆದಿಲ್ಲ. ಅದನ್ನ ಕಿವಿಯಿಂದಲೇ ಎತ್ತಿಕೊಳ್ಳಿ, ಇಲ್ಲಿಯ ಕಲಿಕೆಯ ಕ್ರಮವೇ ಅದು. ಒಬ್ಬೊಬ್ಬರು ಒಂದೆರಡು ಸ್ವರ ಬದಲಿಸಿ ನುಡಿಸ್ತಾರೆ, ಅದು ತಪ್ಪಲ್ಲ.

ಮೇಲೆ ಎರಡು | ಗೆರೆಗಳ ನಡುವೆ ಇರೋ ತುಂಡಿಗೆ ಬಾರ್ ಅಂತಾರೆ. ಒಂದೊಂದು ಭಾಗ ಎಂಟು ಬಾರ್, ಎರಡೆರಡು ಸಲ. ಒಟ್ಟು 32 ಬಾರ್ ಆದರೆ ಒಂದು ಸುತ್ತು. ಸಾಮಾನ್ಯವಾಗಿ ಮೂರು ಸುತ್ತು ನುಡಿಸಿ, ನಿಲ್ಲಿಸದೆ ಮುಂದಿನ ಜಿಗ್‌ಗೆ ಹಾರ್ತಾರೆ. ಹೀಗೆ ಎರಡು ಮೂರು ಮಟ್ಟು ಸೇರಿ ಒಂದು ಸೆಟ್. ಸೆಷನ್ ವೇಗ ನಿಮಿಷಕ್ಕೆ 110ರಿಂದ 120 ಪೆಟ್ಟು, ಬಾರ್‌ಗೆ ಎರಡು ಪೆಟ್ಟು. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಅರ್ಧ ನಿಮಿಷ ಅಷ್ಟೇ. ಮೂರು ಸುತ್ತು ಮುಗಿಯೋದರೊಳಗೆ ಹೊಸಬರಿಗೆ ಶುರುವಾಗಿದ್ದೇ ಗೊತ್ತಾಗಿರಲ್ಲ.

ತಾಳದ ವಿಷಯದಲ್ಲಿ ನಮ್ಮವರು ಎಡವೋದು ಇಲ್ಲೇ. ಬಾರ್‌ಗೆ ಆರು ಮಾತ್ರೆ, ಮೂರು ಮೂರರ ಎರಡು ಗುಂಪು ಅಂದ ಕೂಡಲೇ ತಿಸ್ರ ನಡೆ ಅಂತ ತಕಿಟ ತಕಿಟ ಸಮವಾಗಿ ಹಾಕಿಬಿಡ್ತೀವಿ. ಲೆಕ್ಕ ಸರಿ, ಆದರೆ ಕುಣಿತ ಬರಲ್ಲ. ಜಿಗ್‌ನಲ್ಲಿ ಮೂರರಲ್ಲಿ ಮೊದಲನೆಯದು ಚೂರು ಉದ್ದ, ನಡುವಿನದು ಗಿಡ್ಡ ಮತ್ತು ಹಗುರ, ಮೂರನೆಯದು ಮುಂದಿನ ಪೆಟ್ಟಿಗೆ ತಳ್ಳುತ್ತೆ. ಎಷ್ಟು ಉದ್ದ ಅನ್ನೋದಕ್ಕೆ ಅಳತೆ ಇಲ್ಲ, ಊರಿಂದ ಊರಿಗೆ ಬೇರೆ. ಪಿಟೀಲು ಕೆಳಗಿಟ್ಟು ಮಟ್ಟನ್ನ ಬಾಯಲ್ಲಿ ಹಾಡಿಕೊಂಡು, ಕಾಲಲ್ಲಿ ಬಾರ್‌ಗೆ ಎರಡೇ ಪೆಟ್ಟು ಹಾಕುತ್ತಾ ಕೋಣೆಯಲ್ಲಿ ನಡೀರಿ. ನಡಿಗೆಗೆ ಕೂತರೆ ಕೈಗೂ ಕೂರುತ್ತೆ.

ಈಗ ಕಮಾನು. ಒಂದು ಸ್ವರಕ್ಕೆ ಒಂದು ಎಳೆತ ಅಂತ ಶುರು ಮಾಡಿದರೆ, ಗುಂಪಿನಲ್ಲಿ ಮೂರು ಸ್ವರ ಇರೋದ್ರಿಂದ ಮೊದಲ ಪೆಟ್ಟು ಕೆಳಎಳೆತಕ್ಕೆ ಬೀಳುತ್ತೆ, ಎರಡನೆಯದು ಮೇಲೆಳೆತಕ್ಕೆ. ಮೇಲೆಳೆತ ಸಹಜವಾಗೇ ಬಲಹೀನ, ಹಾಗಾಗಿ ಬಾರ್‌ನ ಎರಡನೇ ಪೆಟ್ಟು ಮುಳುಗಿ ಮಟ್ಟು ಕುಂಟುತ್ತೆ. ಇದಕ್ಕೆ ಎರಡು ದಾರಿ. ಮೇಲೆಳೆತದಲ್ಲೂ ಮೊದಲ ಸ್ವರವನ್ನ ಬೆರಳಿಂದ ಚುಚ್ಚಿದ ಹಾಗೆ ಶುರು ಮಾಡೋದನ್ನ ಕಲಿಯೋದು ಒಂದು. ಒಂದು ಗುಂಪಿನ ಕೊನೆಯ ಸ್ವರವನ್ನ ಮುಂದಿನ ಗುಂಪಿನ ಮೊದಲ ಸ್ವರದ ಜೊತೆ ಒಂದೇ ಎಳೆತದಲ್ಲಿ ಸೇರಿಸಿ, ಒತ್ತನ್ನ ಎಳೆತದ ನಡುವೆ ಕೊಡೋದು ಇನ್ನೊಂದು. ಒಳ್ಳೆಯ ಫಿಡಲ್ ವಾದಕರು ಎರಡನ್ನೂ ಬೆರೆಸ್ತಾರೆ. ನೀವು ಮೊದಲನೆಯದನ್ನ ಪೂರ್ತಿ ಹತ್ತಿಸಿಕೊಂಡು ಆಮೇಲೆ ಎರಡನೆಯದಕ್ಕೆ ಹೋಗಿ. ನಮ್ಮ ಹಾಗೆ ಉದ್ದ ಕಮಾನು ಎಳೆದು ಎಂಟು ಸ್ವರ ಸುತ್ತಿಬಿಟ್ಟರೆ ಕೇಳಕ್ಕೆ ಇಂಪಾಗಿರಬಹುದು, ಕುಣಿಯಕ್ಕೆ ಆಗಲ್ಲ. ಮಧ್ಯಭಾಗದಲ್ಲಿ ಅಂಗೈ ಅಗಲದಷ್ಟು ಕಮಾನು ಸಾಕು.

ಮೂರನೇ ಬಾರ್, ದ ಪ ಪ ಸ' ಪ ಪ, ಬೇರೆಯಾಗಿ ನೂರು ಸಲ ನುಡಿಸಿ. ಪೆಟ್ಟಿಗೊಮ್ಮೆ ಇ ತಂತಿಗೆ ಹೋಗಿ ಎ ತಂತಿಗೆ ವಾಪಸ್ ಬರಬೇಕು. ತೋಳಿಂದ ದಾಟಿದರೆ ವೇಗದಲ್ಲಿ ಎರಡೂ ತಂತಿ ಒಟ್ಟಿಗೆ ಕಿರುಗುಟ್ಟುತ್ತವೆ. ಮಣಿಕಟ್ಟಿಂದ ದಾಟಬೇಕು.

ಸ್ವರದಿಂದ ಸ್ವರಕ್ಕೆ ಜಾರಬೇಡಿ. ಇಲ್ಲಿಯ ಅಲಂಕಾರ ಬೇರೆ ಜಾತಿಯದು. ರೋಲ್ ಅನ್ನೋದೊಂದಿದೆ: ಗಾಂಧಾರದ ಮೇಲೆ ಅಂದರೆ ಗಾಂಧಾರ ಹಿಡಿದು, ಮೇಲಿನ ಬೆರಳಿಂದ ತಂತಿಗೆ ಒಂದು ಚಿಮ್ಮು, ಮತ್ತೆ ಗಾಂಧಾರ, ಮೊದಲ ಬೆರಳೆತ್ತಿ ಬಿಡಿ ತಂತಿಗೆ ಒಂದು ಚಿಮ್ಮು, ಮತ್ತೆ ಗಾಂಧಾರ. ಇಷ್ಟೂ ಮೂರು ಮಾತ್ರೆಯೊಳಗೆ, ಒಂದೇ ಕಮಾನಿನಲ್ಲಿ. ಆ ಚಿಮ್ಮುಗಳು ಸ್ವರವಾಗಿ ಕೇಳಬಾರದು, ಬಡಿತವಾಗಿ ಕೇಳಬೇಕು. ನಮ್ಮವರು ಅವನ್ನ ಶ್ರುತಿಶುದ್ಧವಾಗಿ ನುಡಿಸೋದ್ರಿಂದಲೇ ರೋಲ್ ಭಾರವಾಗೋದು. ಬೆರಳು ತಂತಿಯನ್ನ ಹಲಗೆವರೆಗೆ ಒತ್ತದೆ ತಟ್ಟಿ ಬರಲಿ. ಕೆಶ್‌ನ ಮೊದಲ ಬಾರ್‌ನಲ್ಲಿ ದೊಡ್ಡವರು ಷಡ್ಜದ ಮೇಲೆ ರೋಲ್ ಹಾಕ್ತಾರೆ, ಆದರೆ ಅದು ಮೂರನೇ ಬೆರಳು, ಚಿಮ್ಮಕ್ಕೆ ಕಿರುಬೆರಳೇ ಗತಿ. ರಿಷಭ ಬಿಡಿ ತಂತಿ ಆದ್ದರಿಂದ ಅಲ್ಲಿ ಈ ರೋಲ್ ಆಗಲ್ಲ. ಅದಕ್ಕೇ ಮೇಲೆ ಸ ರಿ ಸ, ರಿ ಗ ರಿ ಅಂತ ಬಿಡಿಸಿ ಬರೆದಿರೋದು. ಮೊದಲ ರೋಲ್ ಅನ್ನ ಎರಡನೇ ಭಾಗ ಶುರುವಾಗೋ ಗಾಂಧಾರದಲ್ಲೇ ಕಲೀರಿ. ಇನ್ನೊಂದು ಮಾತು: ಅಕಾರ್ಡಿಯನ್, ಕಾನ್ಸರ್ಟಿನಾಗಳ ಗಾಂಧಾರ ನಮ್ಮ ಅಂತರ ಗಾಂಧಾರಕ್ಕಿಂತ ಚೂರು ಮೇಲೆ. ಅವರ ಶ್ರುತಿ ಬದಲಾಗಲ್ಲ, ನೀವೇ ಹೊಂದಿಕೊಳ್ಳಬೇಕು.

ನಿಮಿಷಕ್ಕೆ 70 ಪೆಟ್ಟಿನ ವೇಗದಲ್ಲಿ ಒಂದೂ ತಪ್ಪಿಲ್ಲದೆ ಮೂರು ಸುತ್ತು ಬರೋವರೆಗೆ ವೇಗ ಏರಿಸಬೇಡಿ. ಆಮೇಲೆ ಐದೈದು ಏರಿಸಿ. ಬಾತಿ ಬ್ಯಾಂಡ್ 1975ರ ಆಲ್ಬಂನಲ್ಲಿ ಈ ಜಿಗ್ ನುಡಿಸಿದ್ದಾರೆ, ಕೇಳಲೇಬೇಕು, ಆದರೆ ಆ ವೇಗಕ್ಕೆ ಈಗಲೇ ಆಸೆಪಡಬೇಡಿ.

ಸೆಷನ್‌ಗೆ ಮೊದಲ ಎರಡು ಮೂರು ಸಲ ಪಿಟೀಲು ಪೆಟ್ಟಿಗೆಯಲ್ಲೇ ಇರಲಿ. ಬಹಳಷ್ಟು ಕಡೆ ಇಬ್ಬರೋ ಮೂವರೋ ಪಬ್‌ನವರು ದುಡ್ಡು ಕೊಟ್ಟು ಕರೆಸಿದ ವಾದಕರು ಇರ್ತಾರೆ, ಸೆಟ್ ಎತ್ತೋದು ಅವರೇ. ಯಾರು ಅಂತ ಗುರುತಿಸಿ, ಎರಡು ಸೆಟ್ ನಡುವೆ ಹೋಗಿ "ಕಲೀತಾ ಇದ್ದೀನಿ, ಕೂರಬಹುದಾ" ಅಂತ ಕೇಳಿ. ಬೇಡ ಅನ್ನೋರು ಅಪರೂಪ. ಖಾಲಿ ಕಂಡ ಕುರ್ಚಿಯಲ್ಲಿ ಕೂರಬೇಡಿ, ಅದು ವರ್ಷಗಳಿಂದ ಯಾರದೋ ಜಾಗ ಆಗಿರಬಹುದು. ಗೊತ್ತಿಲ್ಲದ ಮಟ್ಟು ಬಂದಾಗ ಸ್ವರ ಹುಡುಕುತ್ತಾ ಮೆಲ್ಲಗೆ ನುಡಿಸೋದು ಇಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು, ಪಕ್ಕದವರಿಗೆ ಅದೊಂದೇ ಕೇಳ್ತಾ ಇರುತ್ತೆ. ಕಮಾನು ತೊಡೆ ಮೇಲಿಟ್ಟು ಕೇಳಿ. ಮನೋಧರ್ಮಕ್ಕೆ ಜಾಗ ಇಲ್ಲ: ಎಲ್ಲರೂ ಒಂದೇ ಮಟ್ಟನ್ನ ಒಟ್ಟಿಗೆ ನುಡಿಸೋದರಲ್ಲೇ ಇದರ ಸೊಗಸು. ಕೈಯಲ್ಲಿ ಜೋರಾಗಿ ತಾಳ ಹಾಕಬೇಡಿ. ಗೆಳೆಯರು ಖಂಜಿರ ತರ್ತೀನಿ ಅಂದರೆ ತಡೀರಿ. ಒಂದು ಬೌರಾನ್ ಇದ್ದರೆ ಇನ್ನೊಂದು ಚರ್ಮವಾದ್ಯ ಕೇಳದೆ ಸೇರಿಸೋ ಹಾಗಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡೋ ಮುಂಚೆ ಕೇಳಿ. ಪಿಟೀಲನ್ನ ಬಿಯರ್ ಗ್ಲಾಸಿರೋ ಮೇಜಿನ ಮೇಲೆ ಇಡಲೇಬೇಡಿ.

ಕುಡಿಯೋ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಟೀ ಕುಡೀತಾ ರಾತ್ರಿಯೆಲ್ಲ ನುಡಿಸುವವರು ಬೇಕಾದಷ್ಟು ಜನ ಇದ್ದಾರೆ. ಯಾರಾದರೂ ಎಲ್ಲರಿಗೂ ತರಿಸುವಾಗ ನಿಮಗೊಂದು ಟೀಯೋ ಸೋಡಾನೋ ಹೇಳಿ, ಮುಂದೊಮ್ಮೆ ನೀವು ತರಿಸಿ.

ಮಗಳ ಬಗ್ಗೆ ಕಾನೂನು ಸ್ಪಷ್ಟವಾಗಿದೆ. ನಿಮ್ಮ ಜೊತೆ ಬರಬಹುದು, ಆದರೆ ರಾತ್ರಿ 9ರ ಮೇಲೆ ಮಕ್ಕಳು ಪಬ್‌ನಲ್ಲಿ ಇರೋ ಹಾಗಿಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ 10 ಗಂಟೆ. ಸಂಜೆ ಸೆಷನ್‌ಗಳು ಬಹಳಷ್ಟು ಶುರುವಾಗೋದೇ 9ರ ಹೊತ್ತಿಗೆ, ಹಾಗಾಗಿ ಭಾನುವಾರ ಮಧ್ಯಾಹ್ನದ್ದು ಹುಡುಕಿ. ಅವಳಿಗೆ ಕಲಿಯೋ ಆಸೆ ಇದ್ದರೆ 1951ರಲ್ಲಿ ಶುರುವಾದ ಕೋಲ್ತಸ್ ಕ್ಯೋಲ್ತೋರಿ ಏರಿನ್ ಸಂಸ್ಥೆಯ ಶಾಖೆಗಳು ಊರೂರಲ್ಲಿವೆ, ಡಬ್ಲಿನ್‌ನಲ್ಲಿ ಅವರ ಕೇಂದ್ರ ಮಾಂಕ್ಸ್‌ಟೌನ್‌ನಲ್ಲಿದೆ. ಮಕ್ಕಳಿಗೂ ದೊಡ್ಡವರಿಗೂ ಪಾಠ ಇರುತ್ತೆ. ನಿಧಾನದ ಸೆಷನ್ ಎಲ್ಲಿದೆ ಅಂತಲೂ ಅಲ್ಲೇ ಕೇಳಿ. ನಿಮ್ಮ ಮೊದಲ ಕೆಶ್ ಅಂಥ ಕಡೆ ಆಗಲಿ. ದೊಡ್ಡವರದ್ದನ್ನ ಕೇಳಬೇಕು ಅಂದರೆ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್‌ಗೆ ಹೋಗಿ. ರಜೆ ಸಿಕ್ಕರೆ ಜುಲೈನಲ್ಲಿ ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಾಲ್‌ಬೇಯಲ್ಲಿ 1973ರಿಂದ ನಡೀತಿರೋ ವಿಲಿ ಕ್ಲಾನ್ಸಿ ಬೇಸಿಗೆ ಶಾಲೆಗೆ ಹೋಗಿ. ಬೆಳಗ್ಗೆ ಪಾಠ, ರಾತ್ರಿ ಊರಿನ ಪಬ್‌ಗಳಲ್ಲೆಲ್ಲ ಸೆಷನ್. ವಸತಿ ಮಾತ್ರ ತಿಂಗಳುಗಟ್ಟಲೆ ಮುಂಚೆ ಹಿಡೀಬೇಕು.

ನಿಮ್ಮ ಪರಿಚಯ ಆದ ಮೇಲೆ "ನಿಮ್ಮ ಕಡೆಯದ್ದೊಂದು ನುಡಿಸಿ" ಅಂತ ಕೇಳೇ ಕೇಳ್ತಾರೆ. ಆಗ ಆಲಾಪನೆಗೆ ಇಳೀಬೇಡಿ, ಮೂರು ನಿಮಿಷಕ್ಕೆ ಮುಗಿಸಿ. ಮುತ್ತುಸ್ವಾಮಿ ದೀಕ್ಷಿತರ ಒಂದು ನೊಟ್ಟುಸ್ವರ ಇದಕ್ಕೆ ಹೇಳಿ ಮಾಡಿಸಿದ್ದು: ಪಾಶ್ಚಾತ್ಯ ಮಟ್ಟುಗಳಿಗೆ ಕೂರಿಸಿದ ರಚನೆಗಳು, ಶಂಕರಾಭರಣ, ಗಮಕ ಇಲ್ಲ. ಜಿ ಷಡ್ಜದಲ್ಲಿ ನುಡಿಸಿದರೆ ಎರಡನೇ ಸಲಕ್ಕೆ ಕೊಳಲಿನವರು ಸೇರಿಕೊಳ್ತಾರೆ.

ಕೆಶ್ ಕೂತ ಮೇಲೆ ಅದೇ ಜಿ ಮೇಜರ್‌ನ ಔಟ್ ಆನ್ ದಿ ಓಷನ್ ಕಲೀರಿ, ಎರಡೂ ಸೇರಿ ಒಂದು ಸೆಟ್ ಆಗುತ್ತೆ. ಮೂರನೆಯದಕ್ಕೆ ಲಿಲ್ಟಿಂಗ್ ಬ್ಯಾನ್‌ಶೀ. ಅದು ಎ ಷಡ್ಜಕ್ಕೆ ಖರಹರಪ್ರಿಯದ ಸ್ವರಗಳು, ನಿಮ್ಮ ಬೆರಳು ಗಾಂಧಾರ ಅಲ್ಲಾಡಿಸಕ್ಕೆ ಹಾತೊರೆಯುತ್ತೆ, ಹಿಡಿದಿಟ್ಟುಕೊಳ್ಳಿ. ರೀಲ್ ಅನ್ನೋ ಇನ್ನೊಂದು ಬಗೆಯ ಕುಣಿತದ ಮಟ್ಟುಗಳನ್ನ ಆರು ತಿಂಗಳ ಮೇಲೆ ನೋಡಿದರಾಯ್ತು.