ಕಲಬುರಗಿಯಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಪಾಲಿಕೆ ಪರವಾನಗಿ ಸಾಕು, ಇನ್ನೊಂದಕ್ಕೆ ಪರಿಸರ ಅನುಮತಿಯೂ ಬೇಕು ಅಂತಾರೆ. ಯಾಕೆ?

ಅಳತೆ ಕಾರಣ. ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್, ಅಂದ್ರೆ ಸುಮಾರು 2.15 ಲಕ್ಷ ಚದರ ಅಡಿ ಮುಟ್ಟಿದರೆ 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಇದನ್ನು ಪಾಲಿಕೆ ಕೊಡುವುದಿಲ್ಲ, ಬೆಂಗಳೂರಿನಲ್ಲಿರುವ ರಾಜ್ಯ ಮಟ್ಟದ ಪ್ರಾಧಿಕಾರ ಕೊಡುತ್ತದೆ. ಸೈಟ್ ಎಷ್ಟು ದೊಡ್ಡದು ಅನ್ನುವುದಲ್ಲ, ಎಲ್ಲ ಮಹಡಿಗಳನ್ನೂ ಕೂಡಿಸಿ ನೋಡುತ್ತಾರೆ.

ಗಾತ್ರಕ್ಕೆ ಯಾಕಿಷ್ಟು ಬೆಲೆ ಅಂದ್ರೆ, ನೀರು. 200 ಮನೆ, ಮನೆಗೆ ಐದು ಜನ, ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯಿರಿ: 1.35 ಲಕ್ಷ ಲೀಟರ್ ಆಯ್ತು, ಅದರಲ್ಲಿ ಸುಮಾರು 80 ಪರ್ಸೆಂಟ್ ಕೊಳಚೆಯಾಗಿ ಹೊರಗೆ ಬರುತ್ತದೆ. ಭೀಮಾ, ಬೆಣ್ಣೆತೊರಾ ನೀರನ್ನೇ ನಂಬಿರುವ, ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನಲ್ಲಿ ಇದು ಸಣ್ಣ ಲೆಕ್ಕ ಅಲ್ಲ, ಅಲ್ವಾ? ಅದಕ್ಕೇ ನೀರು ಎಲ್ಲಿಂದ ತರ್ತೀರಿ, ಕೊಳಚೆ ಎಲ್ಲಿ ಶುದ್ಧ ಮಾಡ್ತೀರಿ, ಮಳೆನೀರು ಏನು ಮಾಡ್ತೀರಿ ಅಂತ ಕಟ್ಟುವ ಮೊದಲೇ ಕೇಳುತ್ತಾರೆ. ಕಟ್ಟಿದ ಮೇಲೆ ಶುದ್ಧೀಕರಣ ಘಟಕಕ್ಕೆ ಜಾಗ ಹುಡುಕುವುದು ಕಷ್ಟ.

ಒಂದು ಮಾತು: ಇಂಥ ಕಟ್ಟಡಗಳಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ ಇಲ್ಲ. ಹಾಗಾಗಿ ಅಕ್ಕಪಕ್ಕದವರಿಗೆ ಸುದ್ದಿ ತಿಳಿಯುವುದು ಹೆಚ್ಚಾಗಿ ಪಾಯ ತೋಡಿದಾಗಲೇ.