ಕೊನೆಯ ಹಾಳೆ ಉದುರಿರಲಿಲ್ಲ

ಆರ್ಥರ್ ಸಿ. ಕ್ಲಾರ್ಕ್ ಅವರ ವೈಜ್ಞಾನಿಕ ಕಾದಂಬರಿ ‘ರೆಂಡೆವೂ ವಿತ್ ರಾಮ’ ಏನನ್ನೂ ಬಿಡಿಸಿ ಹೇಳದೆ ಥಟ್ಟನೆ ಮುಗಿಯಿತು, ಅದು ‘ಅಪೂರ್ಣ’, ಉತ್ತರಕ್ಕಾಗಿ ಮುಂದಿನ ಭಾಗಗಳನ್ನು ಓದಲೇ ಎಂದು ಕೇಳಿದ್ದೀರಿ. ಓದಬೇಡಿ. ನಾನು ಓದಿ ಕಳೆದುಕೊಂಡವನು.

ಮೊದಲ ಪುಸ್ತಕವನ್ನು ಹಾಸ್ಟೆಲಿನಲ್ಲಿ ರಾತ್ರಿ ಎರಡು ಗಂಟೆಗೆ ಮುಗಿಸಿದೆ. ಹಳೆಯ ಪುಸ್ತಕದಂಗಡಿಯ ಪ್ರತಿ. ಕೊನೆಯ ಹಾಳೆ ಉದುರಿದೆಯೇನೋ ಎಂದು ಬೆನ್ನಿನ ಅಂಟನ್ನು ದೀಪಕ್ಕೆ ಹಿಡಿದು ನೋಡಿದೆ. ಉದುರಿರಲಿಲ್ಲ. ಬೇರೆ ಲೋಕದಿಂದ ಬಂದ, ಮನುಷ್ಯರು ‘ರಾಮ’ ಎಂದು ಕರೆದ, 50 ಕಿಲೋಮೀಟರ್ ಉದ್ದದ ಆ ಉರುಳೆಯಾಕಾರದ ನೌಕೆ ಸೂರ್ಯನಿಂದ ಶಕ್ತಿ ಹೀರಿಕೊಂಡು, ಮನುಷ್ಯರತ್ತ ತಿರುಗಿಯೂ ನೋಡದೆ ಹೊರಟುಬಿಡುತ್ತದೆ. ಕಟ್ಟಿದವರು ಯಾರೆಂಬುದಿಲ್ಲ. ಇತ್ತ ಭೂಮಿಯಲ್ಲಿ ವಿಜ್ಞಾನಿ ಪೆರೇರಾ ನಿದ್ದೆಯಿಂದ ಎಚ್ಚೆತ್ತಾಗ ಅವನ ತಲೆಯಲ್ಲಿ ಒಂದೇ ಮಾತು: ರಾಮದವರು ಏನೇ ಮಾಡಿದರೂ ಮೂರು ಮೂರು. ಅಷ್ಟೇ.

ನನ್ನ ತಪ್ಪು ಇಲ್ಲಿದೆ. ಆ ವಾಕ್ಯವನ್ನು ನಾನು ವಾರಪತ್ರಿಕೆಯ ಧಾರಾವಾಹಿಯಡಿ ಅಚ್ಚಾಗುವ ‘ಸಶೇಷ’ ಎಂದು ಓದಿದೆ. ಲೇಖಕ ಇನ್ನೆರಡು ನೌಕೆಗಳ ಕಥೆಯನ್ನು ಬಾಕಿ ಉಳಿಸಿಕೊಂಡಿದ್ದಾನೆ, ವಸೂಲು ಮಾಡುವುದು ನನ್ನ ಹಕ್ಕು ಎಂದುಕೊಂಡೆ. ಒಂದು ವಾರವೂ ತಡೆಯಲಿಲ್ಲ. ಜೆಂಟ್ರಿ ಲೀ ಅವರೊಡನೆ ಬರೆದು 1989, 1991, 1993ರಲ್ಲಿ ಬಂದ ಮೂರೂ ಭಾಗಗಳನ್ನು ತರಿಸಿ, ಹನ್ನೊಂದು ದಿನಗಳಲ್ಲಿ ನುಂಗಿದೆ. 1973ರ ಆ ವಾಕ್ಯ ಹಸ್ತಪ್ರತಿ ತಿದ್ದುವಾಗ ಕೊನೆಗಳಿಗೆಯಲ್ಲಿ ಹೊಳೆದದ್ದು, ಮುಂದುವರಿಸುವ ಯೋಚನೆಯೇ ಇರಲಿಲ್ಲ ಎಂದು ಕ್ಲಾರ್ಕ್ ಅವರೇ ಬರೆದಿದ್ದಾರೆ. ನನಗೆ ಅದು ತಿಳಿದದ್ದು ತಡವಾಗಿ. ಬಾಕಿ ಏನೂ ಇರಲಿಲ್ಲ!

ಉತ್ತರವೇನೋ ಸಿಕ್ಕಿತು. ಈಗ ಮೊದಲ ಪುಸ್ತಕ ತೆರೆದರೆ ಅದೇ ಅಡ್ಡ ಬರುತ್ತದೆ. ನೌಕೆಯೊಳಗೆ ಹೋದ ಜಿಮ್ಮಿ ಪಾಕ್ ಬಟ್ಟೆ ಕಳಚಿ ಜಾಲರಿಯೊಳಗೆ ನುಸುಳಿ, ಆ ಲೋಹದ ಲೋಕದ ಒಂಟಿ ಹೂವಿಗೆ ಕೈಚಾಚುತ್ತಾನಲ್ಲ, ಮೊದಲ ಸಲ ಅಲ್ಲಿ ನಾನು ಪುಸ್ತಕ ಮಡಚಿ ಕುಳಿತಿದ್ದೆ. ಇದು ಯಾರ ಕಣ್ಣಿಗಾಗಿ ಅರಳಿತು? ಈಗ ಆ ಪ್ರಶ್ನೆ ಏಳುವ ಮೊದಲೇ ನಾಲ್ಕನೆಯ ಭಾಗದ ವಿವರಣೆ ಬಂದು ನಿಲ್ಲುತ್ತದೆ. ಓದಿದ್ದನ್ನು ಮರೆಯಲು ದಾರಿಯಿಲ್ಲ.

ಆದ್ದರಿಂದ ಅದನ್ನು ನೀವು ‘ಅಪೂರ್ಣ’ ಎಂದು ಕರೆದಿರುವುದನ್ನೇ ನಾನು ಒಪ್ಪುವುದಿಲ್ಲ. ಅಪೂರ್ಣವೆಂದರೆ ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ ಸರಣಿ: ಆರನೆಯ ಪುಸ್ತಕ 1985ರಲ್ಲಿ ಬಂತು, ಮರುವರ್ಷ ಫೆಬ್ರವರಿಯಲ್ಲಿ ಅವರು ತೀರಿಕೊಂಡರು, ಪಾತ್ರಗಳು ಗುರುತಿಲ್ಲದ ಆಕಾಶದಲ್ಲೇ ಉಳಿದವು. ಡ್ಯಾನ್ ಸಿಮನ್ಸ್ ಅವರ ‘ಹೈಪೀರಿಯನ್’ ಅರ್ಧ ಕಥೆ. 1990ರ ಎರಡನೆಯ ಭಾಗ ಕೈಯಲ್ಲಿದ್ದರೆ ಮಾತ್ರ ಅದನ್ನು ಶುರುಮಾಡಿ. ರಾಮ ಅಂಥದ್ದಲ್ಲ. ಅಪರಿಚಿತರು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹೋದರು ಎಂಬುದೇ ಅದರ ಕಥೆ.

ಪೆರೇರಾ ಎಚ್ಚರಗೊಳ್ಳುವ ಪುಟವನ್ನು ಇನ್ನೊಮ್ಮೆ ಓದಿ. ಉಳಿದೆರಡು ನೌಕೆಗಳು ಎಲ್ಲಿರಬಹುದು ಎಂದು ಊಹಿಸಲು ನನಗೆ ಒಂದು ವಾರವೂ ಸಿಗಲಿಲ್ಲ. ನಿಮಗೆ ಎಷ್ಟು ವರ್ಷ ಬೇಕಾದರೂ ಇದೆ.